ಹಳದಿ ಬಣ್ಣದ ಸೂಟಿ

ಮನೋಜನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಡುವೆ ಎಲ್ಲೋ ಹೇಳಿದರೆ, ಅಷ್ಟರೊಳಗೆ ನೀವು ನನ್ನನ್ನು ಸಭ್ಯ ಮನುಷ್ಯನೆಂದು ತಿಳಿದುಕೊಂಡಿರುತ್ತೀರಿ, ಆಮೇಲೆ ಮೋಸ ಹೋದೆವೆಂದು ಬೇಸರ ಮಾಡಿಕೊಳ್ಳುತ್ತೀರಿ.

ನಾನು ಶಿವಪುತ್ರಪ್ಪ. ಊರು ರಾಮದುರ್ಗ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ದಲ್ಲಾಳಿಯ ಅಡತಿ ಅಂಗಡಿಯೊಂದರಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿ ದುಡಿದು, ಎರಡು ವರ್ಷದ ಹಿಂದೆ ಮನೆಯಲ್ಲಿ ಕೂತವನು. ಕಾತ್ರಜದ ನಮ್ಮ ಕಟ್ಟಡದಲ್ಲಿ ನಲವತ್ತು ಮನೆಗಳಿವೆ. ಅದರಲ್ಲಿ ಹದಿನಾರು ಕನ್ನಡದವರವು, ಉಳಿದವು ಮರಾಠಿಯವರವು. ಅವರೂ ಇವರೂ ನನ್ನನ್ನು ಕರೆಯುತ್ತಿದ್ದುದು ‘ಸೂಟಿ ಕಾಕಾ’ ಎಂದು. ರಜೆಗೆ ನಮ್ಮ ಕಡೆ ಸೂಟಿ ಎನ್ನುತ್ತಾರೆ, ಮರಾಠಿಯಲ್ಲೂ ಹೆಚ್ಚುಕಡಿಮೆ ಅದೇ ಮಾತು. ಹೊಸಬರು ಈ ಹೆಸರು ಕೇಳಿ ನಾನು ಕೆಲಸಗಳ್ಳನಿರಬೇಕೆಂದು ತಿಳಿಯುತ್ತಿದ್ದರು. ನಾನು ಸೂಟಿ ಹಾಕಿದವನಲ್ಲ. ಸೂಟಿ ಯಾವಾಗ ಎಂದು ಊರಿಗೆಲ್ಲ ಹೇಳುವವನು.

ಮೆಟ್ಟಿಲ ಕೆಳಗೆ, ಕರೆಂಟಿನ ಮೀಟರುಗಳ ಪಕ್ಕದಲ್ಲಿ ಒಂದು ಕರಿ ಹಲಗೆ ಇದೆ. ಪ್ರತಿ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅದರ ಮೇಲೆ ಆ ತಿಂಗಳ ಸೂಟಿಗಳನ್ನು ಬರೆಯುತ್ತಿದ್ದೆ. ಮಹಾರಾಷ್ಟ್ರದ ಸೂಟಿ ಬಿಳಿ ಸೀಮೆಸುಣ್ಣದಲ್ಲಿ, ಕರ್ನಾಟಕದ್ದು ಹಳದಿಯಲ್ಲಿ. ಎರಡೂ ಕಡೆ ಇದ್ದರೆ ಬಿಳಿ ಅಕ್ಷರದ ಕೆಳಗೆ ಹಳದಿ ಗೆರೆ. ಜನವರಿ ಇಪ್ಪತ್ತಾರು, ಆಗಸ್ಟ್ ಹದಿನೈದು, ಅಕ್ಟೋಬರ್ ಎರಡು, ಈ ಮೂರು ದಿನಗಳಿಗೆ ಮಾತ್ರ ಸುತ್ತ ಚೌಕ ಹಾಕುತ್ತಿದ್ದೆ. ಯಾಕೆಂದರೆ ದೇಶಕ್ಕೆಲ್ಲ ಸೇರಿ ರಾಷ್ಟ್ರೀಯ ರಜೆ ಎಂದು ಇರುವುದು ಈ ಮೂರೇ. ಉಳಿದದ್ದೆಲ್ಲ ರಾಜ್ಯಕ್ಕೊಂದು ತರಹ. ದೀಪಾವಳಿಯೂ ರಾಷ್ಟ್ರೀಯ ರಜೆಯೇ ಎಂದು ಎರಡೆರಡು ಪದವಿ ಪಡೆದವರು ನನ್ನೊಡನೆ ವಾದ ಮಾಡಿದ್ದಾರೆ. ಜನಕ್ಕೆ ಸೂಟಿ ಬೇಕು, ಅದು ಯಾತಕ್ಕೆ, ಯಾರು ಕೊಟ್ಟದ್ದು ಎಂಬುದು ಯಾರಿಗೂ ಬೇಡ. ಇದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಹಳದಿ ಬಣ್ಣ ಬಂದದ್ದಕ್ಕೂ ಕಾರಣವಿದೆ. ಪುಣೆಗೆ ಬಂದು ಐದಾರು ವರ್ಷವಾದಾಗ, ಅಪ್ಪನ ಹೊಲದ ಕಾಗದಕ್ಕೆಂದು ಹತ್ತು ತಾಸು ಬಸ್ಸಿನಲ್ಲಿ ಕೂತು ರಾಮದುರ್ಗಕ್ಕೆ ಹೋದೆ. ತಾಲ್ಲೂಕು ಕಚೇರಿಗೆ ಬೀಗ. ಕಾವಲಿನವನು ನನ್ನ ಹಣೆಯ ವಿಭೂತಿ ನೋಡಿ, ಇವತ್ತು ಬಸವ ಜಯಂತಿ ಅಲ್ಲವೇ ಎಂದು ಕೇಳಿ ನಕ್ಕ. ಬಸವಣ್ಣನ ಹೆಸರು ಹೇಳಿ ಊಟಕ್ಕೆ ಕೂರುವ ಮನೆಯವನು ನಾನು. ಆದರೆ ಪುಣೆಯಲ್ಲಿ ಅವತ್ತು ಅಂಗಡಿ, ಬ್ಯಾಂಕು ಎಲ್ಲ ತೆರೆದಿರುತ್ತವೆ. ಹೀಗಾಗಿ ಊರಲ್ಲಿ ಅದು ಸೂಟಿಯ ದಿನವೆಂಬುದೇ ತಲೆಯಿಂದ ಹೋಗಿತ್ತು. ಬೀಗ ಹಾಕಿದ ಕಚೇರಿಯ ಮೆಟ್ಟಿಲ ಮೇಲೆ ಕೂತು, ಕಟ್ಟಿಕೊಂಡು ಹೋದ ರೊಟ್ಟಿ ತಿಂದು, ಬಂದ ದಾರಿಯಲ್ಲಿ ತಿರುಗಿದೆ. ಒಂದು ರಾಜ್ಯದಲ್ಲಿ ಹೊಟ್ಟೆ, ಇನ್ನೊಂದರಲ್ಲಿ ಕಾಗದಪತ್ರ ಇಟ್ಟುಕೊಂಡವರು ಮಾತ್ರ ಮಾಡುವ ತಪ್ಪು ಇದು. ಇನ್ನೊಬ್ಬರು ಹಾಗೆ ಮೆಟ್ಟಿಲ ಮೇಲೆ ಕೂರಬಾರದೆಂದು ಮರುದಿನವೇ ಹಳದಿ ಸೀಮೆಸುಣ್ಣದ ಡಬ್ಬಿ ತಂದೆ.

ಅಂದಿನಿಂದ ಕಟ್ಟಡದ ಕನ್ನಡದವರು ಊರಿಗೆ ಹೊರಡುವ ಮುಂಚೆ ಹಲಗೆ ನೋಡುತ್ತಿದ್ದರು, ಸಾಲದ್ದಕ್ಕೆ ನನ್ನನ್ನೂ ಒಂದು ಮಾತು ಕೇಳುತ್ತಿದ್ದರು. ಮೆಟ್ಟಿಲು ಗುಡಿಸುವ ಭೀಮವ್ವ ನಮ್ಮ ತಾಲ್ಲೂಕಿನವಳೇ. ಅವಳಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತವೆ. ಕಸಬರಿಗೆ ಹಿಡಿದು ಹಲಗೆಯ ಮುಂದೆ ನಿಂತು ಹಳದಿ ಅಂಕಿಗಳನ್ನು ನೋಡಿಟ್ಟುಕೊಳ್ಳುತ್ತಿದ್ದಳು. ಎಲ್ಲರಿಗಿಂತ ಹೆಚ್ಚಾಗಿ ನನ್ನ ಹೆಂಡತಿ ಶಿವಗಂಗವ್ವ. ದಿನಾ ಸಂಜೆ ದೀಪ ಹಚ್ಚಿ ಹೊರಗೆ ಬಂದು, “ನಾಳೆ ಸೂಟಿ ಅದ ಏನ್ರಿ?” ಎಂದು ಕೇಳುತ್ತಿದ್ದಳು. ಅವಳಿಗೆ ಗೊತ್ತಿದ್ದ ದಿನವೂ ಕೇಳುತ್ತಿದ್ದಳು. ಅಂಗಡಿ ಬಿಟ್ಟು ಮನೆಯಲ್ಲಿ ಕೂತ ಮೇಲೆ ಆ ಪ್ರಶ್ನೆಗೆ ಅರ್ಥವೇ ಉಳಿದಿರಲಿಲ್ಲ, ಆದರೂ ಕೇಳುತ್ತಿದ್ದಳು. ಆ ಒಂದು ಮಾತಿನಿಂದ ನನಗೆ ಹಾಲು ಕುಡಿದಷ್ಟು ಸಮಾಧಾನವಾಗುತ್ತಿತ್ತು.

ಇಂಥದರೊಳಗೆ ಮನೋಜ ಬಂದ. ಹಾಸನದ ಕಡೆಯ ಹುಡುಗ, ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸ, ಮೂರನೇ ಮಹಡಿಯಲ್ಲಿ ಬಾಡಿಗೆಗೆ. ನೋಡಲು ಚಂದ, ಮಾತು ಮೆತ್ತಗೆ, ಎದುರು ಸಿಕ್ಕರೆ ಕೈಯಲ್ಲಿನ ಚೀಲ ತೆಗೆದುಕೊಳ್ಳುತ್ತಾನೆ. ಇಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಭಾರಿ ಕಷ್ಟದ ಕೆಲಸ, ಏಕೆಂದರೆ ಬೈಯಲು ಒಂದು ನೆಪವೂ ಸಿಗುವುದಿಲ್ಲ. ಅವನು ಜನವರಿಯಲ್ಲಿ ಕಟ್ಟಡದ ವಾಟ್ಸಾಪ್ ಗುಂಪಿಗೆ ಬಣ್ಣಬಣ್ಣದ ಒಂದು ಕ್ಯಾಲೆಂಡರ್ ಹಾಕಿದ. ವರ್ಷದ ಎಲ್ಲ ಸೂಟಿಗಳು, ಯಾವ ಸೂಟಿ ಶುಕ್ರವಾರ ಬರುತ್ತದೆ, ಯಾವುದು ಸೋಮವಾರ, ಎಲ್ಲಿ ಒಂದು ದಿನ ರಜೆ ಹಾಕಿದರೆ ನಾಲ್ಕು ದಿನ ಸಿಗುತ್ತದೆ, ಎಲ್ಲವೂ ಹಸಿರು ಬಣ್ಣದಲ್ಲಿ. ಗುಂಪಿನಲ್ಲಿ ಮೂವತ್ತೆಂಟು ಜನ ಹೆಬ್ಬೆಟ್ಟು ಎತ್ತಿದರು. ನಾನು ಎಣಿಸಿದ್ದೇನೆ. ಇಪ್ಪತ್ತಾರು ವರ್ಷ ಹಲಗೆ ಬರೆದ ನನಗೆ ಒಬ್ಬನೂ ಹೆಬ್ಬೆಟ್ಟು ಎತ್ತಿರಲಿಲ್ಲ. ಹಲಗೆಗೆ ಹೇಗೆ ಎತ್ತಲು ಬರುತ್ತದೆ ಎಂದು ನೀವು ಕೇಳಬಹುದು. ಹೊಟ್ಟೆ ಉರಿಯುವಾಗ ಅಂಥ ಲೆಕ್ಕವೆಲ್ಲ ಇರುವುದಿಲ್ಲ.

ಆ ಕ್ಯಾಲೆಂಡರ್ ಬರೀ ಮಹಾರಾಷ್ಟ್ರದ್ದು ಎಂಬುದನ್ನು ನಾನು ಮೊದಲ ದಿನವೇ ಗಮನಿಸಿದೆ. ಸಂಕ್ರಾಂತಿ ಇಲ್ಲ, ಬಸವ ಜಯಂತಿ ಇಲ್ಲ, ರಾಜ್ಯೋತ್ಸವ ಇಲ್ಲ, ಕನಕ ಜಯಂತಿ ಇಲ್ಲ. ಒಳಗೊಳಗೇ ಖುಷಿಪಟ್ಟೆ. ಇವತ್ತಲ್ಲ ನಾಳೆ ಯಾರಾದರೂ ಮುಗ್ಗರಿಸುತ್ತಾರೆ, ಆಗ ಎಲ್ಲರಿಗೂ ತಿಳಿಯುತ್ತದೆ ಎಂದು ಕಾಯುತ್ತ ಕೂತೆ.

ಆಗಸ್ಟ್ ಹದಿನೈದಕ್ಕೆ ಧ್ವಜ ಏರಿಸಿದ ಮೇಲೆ ಕಟ್ಟಡದ ಅಧ್ಯಕ್ಷರು ಮನೋಜನಿಂದ ಮಕ್ಕಳಿಗೆ ರಸಪ್ರಶ್ನೆ ಮಾಡಿಸಿದರು. ಅವನು ಮೈಕ್ ಹಿಡಿದು ಮೊದಲಿಗೇ ಕೇಳಿದ್ದು, ನಮ್ಮ ದೇಶಕ್ಕೆ ರಾಷ್ಟ್ರೀಯ ರಜೆಗಳು ಎಷ್ಟು ಎಂದು. ಮಕ್ಕಳು ಹತ್ತು ಎಂದವು, ಇಪ್ಪತ್ತು ಎಂದವು. ಅವನು ನಕ್ಕು, ಮೂರೇ ಎಂದು ಹೇಳಿ ಒಂದೊಂದನ್ನೂ ವಿವರಿಸಿದ. ದೊಡ್ಡವರು ಸಹ ಬಾಯಿ ತೆರೆದುಕೊಂಡು ಕೇಳಿದರು. ಆ ಮೂರು ದಿನದ ಮಾತು ನನ್ನದು. ಜೂನ್ ತಿಂಗಳಲ್ಲಿ ಮೆಟ್ಟಿಲ ಮೇಲೆ ನಿಂತು ಅರ್ಧ ತಾಸು ಅವನಿಗೆ ಹೇಳಿದವನು ನಾನು. ಜನಜಾಗೃತಿ ಮಾಡಿದ್ದಕ್ಕೆಂದು ಅಧ್ಯಕ್ಷರು ಅವನಿಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ನಾನು ಮೂರನೇ ಸಾಲಿನಲ್ಲಿ ಜಿಲೇಬಿಯ ಪೊಟ್ಟಣ ಹಿಡಿದು ಚಪ್ಪಾಳೆ ತಟ್ಟಿದೆ. ಅವನು ಶಾಲು ಸಮೇತ ನನ್ನ ಹತ್ತಿರ ಬಂದು, ಇದೆಲ್ಲ ನೀವು ಹೇಳಿಕೊಟ್ಟಿದ್ದೇ ಅಂಕಲ್ ಎಂದ. ನನ್ನೊಬ್ಬನಿಗೆ ಹೇಳಿದ. ಮೈಕಿನಲ್ಲಿ ಹೇಳಿದ್ದರೆ ಏನು ಕಳೆದುಹೋಗುತ್ತಿತ್ತು?

ಅಕ್ಟೋಬರಿನಲ್ಲಿ ಆದದ್ದು ಇದಕ್ಕಿಂತ ಕೆಟ್ಟದ್ದು. ದಸರೆಯ ಹಿಂದಿನ ಸಂಜೆ ಶಿವಗಂಗವ್ವ ದೀಪ ಹಚ್ಚಿ ಹೊರಗೆ ಬಂದಳು. ನಾನು ಪ್ರಶ್ನೆಗೆ ತಯಾರಾಗಿ ಕನ್ನಡಕ ಸರಿಮಾಡಿಕೊಂಡೆ. ಅವಳು ಕೇಳಲೇ ಇಲ್ಲ. ಮೊಬೈಲು ತೆಗೆದು ನೋಡಿ, ನಾಳೆ ಹಾಲಿನವನು ಬೇಗ ಬರುತ್ತಾನೆ ಎಂದಳು. ಸೂಟಿಯ ವಿಷಯ ನಾನೇ ಎತ್ತಿದೆ.

“ಮನೋಜ ಕಳಿಸ್ಯಾನಲ್ರಿ, ಅದರಾಗ ಎಲ್ಲಾ ಅದ,” ಎಂದಳು. ಆಮೇಲೆ ನನ್ನ ಮುಖ ನೋಡಿ, “ಆ ಹುಡುಗನ ಮ್ಯಾಲೆ ಯಾಕ ಹೊಟ್ಟೆಕಿಚ್ಚು ನಿಮಗ?” ಎಂದು ಕೇಳಿದಳು.

ನನಗೆ ಎಂಥ ಸಿಟ್ಟು ಬಂತೆಂದರೆ ಅವತ್ತು ಊಟವನ್ನೇ ಬಿಟ್ಟೆ. ಮಾತು ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ನವೆಂಬರ್ ಒಂದು ಬಂತು. ಆ ವರ್ಷ ದೀಪಾವಳಿಯ ಲಕ್ಷ್ಮಿಪೂಜೆಯೂ ಅದೇ ದಿನ. ನಾನು ಹಲಗೆ ಒರೆಸಿ ಬಿಳಿ ಸೀಮೆಸುಣ್ಣದಲ್ಲಿ ಬರೆದೆ. ಒಂದು, ಲಕ್ಷ್ಮಿಪೂಜೆ. ಎರಡು, ಪಾಡ್ವಾ, ನಮ್ಮ ಕಡೆಯ ಬಲಿಪಾಡ್ಯಮಿ. ಹದಿನೈದು, ಗುರುನಾನಕ್ ಜಯಂತಿ. ಆಮೇಲೆ ಹಳದಿ ಕೈಗೆತ್ತಿಕೊಂಡೆ. ಪಾಡ್ವಾದ ಕೆಳಗಿನ ಗೆರೆ ಬಿಟ್ಟರೆ ಬರೆಯಬೇಕಾದದ್ದು ಎರಡು. ಅವತ್ತಿನ ರಾಜ್ಯೋತ್ಸವ, ಹದಿನೆಂಟರ ಸೋಮವಾರ ಕನಕ ಜಯಂತಿ. ಅಷ್ಟರಲ್ಲಿ ಹಿಂದಿನಿಂದ ಇಬ್ಬರು ಹೆಂಗಸರು ಮೆಟ್ಟಿಲು ಇಳಿದರು. ಹದಿನೈದಕ್ಕೆ ಶುಕ್ರವಾರ ಬಂದಿದೆ, ಮನೋಜ ಕಟ್ಟಡದವರಿಗೆಲ್ಲ ಲೋಣಾವಳಾಕ್ಕೆ ಮೂರು ದಿನದ ಪ್ರವಾಸ ಹಾಕಿದ್ದಾನೆ, ಎಂಥ ಬುದ್ಧಿವಂತ ಎಂದು ಹೊಗಳಿಕೊಳ್ಳುತ್ತ ನನ್ನ ಬೆನ್ನ ಹಿಂದೆಯೇ ಹಾದುಹೋದರು. ಹಲಗೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನಾನು ಹಳದಿ ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿ ಮುಚ್ಚಳ ಬಡಿದೆ. ಬೇಕಾದವರು ಬಂದು ಕೇಳಲಿ. ಒಬ್ಬರು ಬಂದು, ಕಾಕಾ ಹಳದಿ ಎಲ್ಲಿ ಎಂದು ಕೇಳಿದರೂ ಆ ಕ್ಷಣ ಬರೆಯುತ್ತೇನೆ ಎಂದು ಮನಸ್ಸಿನಲ್ಲೇ ಹಟ ಹಿಡಿದೆ.

ಹದಿನಾಲ್ಕು ದಿನ ಕಾದೆ. ಒಬ್ಬರೂ ಕೇಳಲಿಲ್ಲ. ರಾಜ್ಯೋತ್ಸವ ಹಲಗೆಯ ಮೇಲಿಲ್ಲವೆಂದು ಹದಿನಾರು ಕನ್ನಡದ ಮನೆಗಳಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ದಿನಕ್ಕೆ ನಾಲ್ಕು ಸಲ ನೆಪ ಮಾಡಿಕೊಂಡು ಕೆಳಗಿಳಿದು ಮೀಟರ್ ನೋಡುವವನಂತೆ ಅಲ್ಲಿ ನಿಲ್ಲುತ್ತಿದ್ದೆ.

ಲೋಣಾವಳಾಕ್ಕೆ ಶಿವಗಂಗವ್ವನೂ ಹೊರಟಳು. ನನ್ನನ್ನು ಕರೆದಳು, ನಾನು ಮೊಣಕಾಲು ನೋವೆಂದೆ. ಮೂರು ದಿನದ ರೊಟ್ಟಿ, ಶೇಂಗಾ ಚಟ್ನಿ ಮಾಡಿಟ್ಟು, ಮೊಣಕಾಲಿಗೆ ಎಣ್ಣೆ ತೆಗೆದಿಟ್ಟು ಹೋದಳು. ಅವರು ಹೊರಡುವ ಹಿಂದಿನ ದಿನ, ಗುರುವಾರ ಸಂಜೆ, ನಾನು ಬಾಲ್ಕನಿಯಿಂದ ನೋಡುವಾಗ, ಕೆಳಗೆ ಬೈಕ್ ನಿಲ್ಲಿಸುವ ಜಾಗದಲ್ಲಿ ಭೀಮವ್ವ ಮನೋಜನ ಹತ್ತಿರ ಏನೋ ಕೇಳುತ್ತಿದ್ದಳು. ಅವನು ಮೊಬೈಲು ತೆಗೆದ, ನೋಡಿದ, ಕೈ ಆಡಿಸಿ ಏನೋ ಹೇಳಿದ. ಇವಳೂ ಅವನ ಕಡೆ ಹೋದಳಲ್ಲ ಎಂದು ನನ್ನ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದಂತಾಯಿತು. ಹಲಗೆ ನೋಡುವ ಕೊನೆಯವಳೂ ಹೋದಳು.

ಭಾನುವಾರ ಬೆಳಿಗ್ಗೆ ಭೀಮವ್ವ ಬೇಗ ಗುಡಿಸಿ ಮುಗಿಸಿ ನಮ್ಮ ಬಾಗಿಲಿಗೆ ಬಂದಳು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಒಂದು ಚೀಲ. ಸಂಜೆ ಆರರ ಬಸ್ಸಿಗೆ ಊರಿಗೆ ಹೊರಟಿದ್ದೇನೆ, ಸೋಮವಾರ ತಾಲ್ಲೂಕು ಕಚೇರಿಯಲ್ಲಿ ಕೆಲಸವಿದೆ, ಮಂಗಳವಾರ ಬೆಳಿಗ್ಗೆ ಬಂದುಬಿಡುತ್ತೇನೆ ಎಂದಳು. ಅಕ್ಕಾರು ಬಂದರೆ ಹೇಳಿ ಎಂದಳು.

ಸೋಮವಾರ ಕನಕ ಜಯಂತಿ. ನಾಲಿಗೆಯ ತುದಿಗೇ ಬಂದಿತ್ತು. ನಾಲ್ಕು ಅಕ್ಷರ ಹೇಳಿದರೆ ಮುಗಿಯುತ್ತಿತ್ತು. ಆದರೆ ನನ್ನ ಕಣ್ಣ ಮುಂದೆ ಆ ಮೊಬೈಲು, ಆ ಕೈ ಆಡಿಸುವಿಕೆ. ಹೋಗಲಿ, ಬೀಗ ನೋಡಿ ಬರಲಿ. ಒಂದು ದಿನ ಹೋದೀತು, ಅಷ್ಟೇ. ಬಂದವಳು ಕಟ್ಟಡದ ತುಂಬ ಹೇಳಿಕೊಂಡು ತಿರುಗುತ್ತಾಳೆ, ಆ ಹಸಿರು ಕ್ಯಾಲೆಂಡರಿನ ಮಾನ ಮೂರು ಕಾಸಿಗೆ ಹೋಗುತ್ತದೆ.

“ಹೋಗಿ ಬಾ,” ಎಂದೆ.

ಅವಳು ಬಾಗಿ ನಮಸ್ಕಾರ ಮಾಡಿ ಹೋದಳು. ಮಧ್ಯಾಹ್ನ ರೊಟ್ಟಿ ಬಹಳ ರುಚಿಯಾಗಿತ್ತು. ಅದನ್ನೂ ಹೇಳಿಬಿಡಬೇಕು.

ಸಂಜೆ ಏಳಕ್ಕೆ ಲೋಣಾವಳಾದ ಗಾಡಿ ಬಂತು. ಶಿವಗಂಗವ್ವ ಚಿಕ್ಕಿಯ ಡಬ್ಬಿ ಹಿಡಿದು ಒಳಗೆ ಬಂದಳು. ಮುಖ ಬಿಸಿಲಿಗೆ ಕೆಂಪಾಗಿತ್ತು, ಖುಷಿಯಾಗಿದ್ದಳು. ಚಪ್ಪಲಿ ಬಿಡುವ ಮೊದಲೇ, ಭೀಮವ್ವ ಹೋದಳೇ ಎಂದು ಕೇಳಿದಳು. ನಾನು ಇದಕ್ಕೇ ಕಾದಿದ್ದೆ. ಬೆಳಿಗ್ಗೆಯಿಂದ ಯಾರಿಗಾದರೂ ಹೇಳಬೇಕೆಂದು ಹೊಟ್ಟೆ ಉಬ್ಬರಿಸುತ್ತಿತ್ತು.

“ಹೋದ್ಳು. ನಾಳೆ ಕನಕ ಜಯಂತಿ, ಕಚೇರಿಗೆ ಕೀಲಿ. ನಿಮ್ಮ ಮನೋಜನ ಕ್ಯಾಲೆಂಡರ್ ನೋಡಿ ಹೋಗ್ಯಾಳ, ಬರ್ಲಿ ಬರ್ಲಿ,” ಎಂದು ನಕ್ಕೆ.

ಶಿವಗಂಗವ್ವ ನಗಲಿಲ್ಲ. ಚಿಕ್ಕಿಯ ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಅಲ್ಲೇ ಕುರ್ಚಿಯಲ್ಲಿ ಕೂತಳು. ಆಮೇಲೆ ಒಂದೊಂದೇ ಮಾತಾಗಿ ಹೇಳಿದಳು. ಭೀಮವ್ವನ ಮಗಳು ಸಪ್ನಾಗೆ ಒಂದು ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿದೆ. ತಂದೆ ಇಲ್ಲದ ಹುಡುಗಿಯರಿಗೆಂದು ಇಟ್ಟ ಸೀಟು, ಊಟ ವಸತಿ ಎಲ್ಲ ಅವರದೇ. ತಂದೆಯ ಮರಣ ಪ್ರಮಾಣಪತ್ರ ಕೊಡಬೇಕು. ಇದ್ದ ಪತ್ರದಲ್ಲಿ ಗಂಡನ ಹೆಸರು ತಪ್ಪಾಗಿ ಬಿದ್ದಿತ್ತು, ತಿದ್ದಿಸಿ ಹೊಸದು ಕಚೇರಿಯಲ್ಲಿ ತಯಾರಿದೆ, ಭೀಮವ್ವನೇ ಹೋಗಿ ಹೆಬ್ಬೆಟ್ಟು ಒತ್ತಿ ತರಬೇಕು. ಮಂಗಳವಾರ ಸಂಜೆ ನಾಲ್ಕರೊಳಗೆ ಶಾಲೆಗೆ ಮುಟ್ಟಿಸದಿದ್ದರೆ ಸೀಟು ಮುಂದಿನ ಹುಡುಗಿಗೆ.

ಮೊಣಕಾಲು ಗಿಣಕಾಲು ಎಲ್ಲ ಮರೆತು ಕೆಳಗೆ ಓಡಿದೆ, ರಿಕ್ಷಾ ಹಿಡಿದು ಕಾತ್ರಜದ ಬಸ್ ನಿಲ್ಲುವ ಜಾಗಕ್ಕೆ ಹೋದೆ. ಆರರ ಬಸ್ಸು ಆರಕ್ಕೇ ಹೋಗಿತ್ತು. ಜೀವಮಾನದಲ್ಲಿ ಆ ಬಸ್ಸು ಹೊತ್ತಿಗೆ ಸರಿಯಾಗಿ ಹೋದದ್ದನ್ನು ನಾನು ಕಂಡಿಲ್ಲ. ಭೀಮವ್ವನ ನಂಬರಿಗೆ ಫೋನ್ ಮಾಡಿದರೆ ಎತ್ತಿದವಳು ಸಪ್ನಾ. ಮನೆಗೆ ಇರುವುದು ಒಂದೇ ಫೋನು, ಅವ್ವ ನನಗೇ ಬಿಟ್ಟು ಹೋಗಿದ್ದಾಳೆ ಎಂದಳು. ಏನಾಯಿತು ಕಾಕಾ ಎಂದು ಕೇಳಿದಳು. ನಾನು ಏನೂ ಇಲ್ಲವೆಂದೆ.

ರಾಮದುರ್ಗದಲ್ಲಿ ನನ್ನ ಚಿಕ್ಕಪ್ಪನ ಮಗ ಚನ್ನವೀರ ಮಾಸ್ತರನಿದ್ದಾನೆ. ಅವನಿಗೆ ಫೋನ್ ಮಾಡಿ ಅತ್ತು ಕರೆದು ಹೇಳಿದೆ. ಸೋಮವಾರ ಬೆಳಿಗ್ಗೆ ಅವನು ಕಚೇರಿಗೆ ಹೋದ. ಭೀಮವ್ವ ಮೆಟ್ಟಿಲ ಮೇಲೆ ಚೀಲ ಹಿಡಿದು ಕೂತಿದ್ದಳಂತೆ. ಅವನು ಓಡಾಡಿದ, ಗುಮಾಸ್ತರ ಮನೆ ಹುಡುಕಿದ, ಕನಕದಾಸರ ಫೋಟೋ ಪೂಜೆಗೆ ಬಂದ ಸಾಹೇಬರನ್ನೂ ಕಂಡು ಕೈಮುಗಿದ. ಪತ್ರ ಕಪಾಟಿನಲ್ಲಿದೆ, ಕಪಾಟಿನ ಕೀಲಿಕೈ ಇಟ್ಟುಕೊಂಡವನು ಸೂಟಿಗೆ ಊರಿಗೆ ಹೋಗಿದ್ದಾನೆ, ನಾಳೆ ಹತ್ತೂವರೆಗೆ ಬನ್ನಿ ಎಂದರಂತೆ. ನಾಳೆ ಹತ್ತೂವರೆಗೆ ಪತ್ರ ಸಿಕ್ಕರೆ ಪುಣೆ ಮುಟ್ಟುವಷ್ಟರಲ್ಲಿ ನಾಲ್ಕು ಎಂದೋ ಹೊಡೆದಿರುತ್ತದೆ.

ಮಂಗಳವಾರ ಮನೋಜ ಕಚೇರಿಗೆ ರಜೆ ಹಾಕಿ ಸಪ್ನಾಳನ್ನು ಕರೆದುಕೊಂಡು ನರ್ಸಿಂಗ್ ಶಾಲೆಗೆ ಹೋದ. ರಾಮದುರ್ಗದಿಂದ ಪತ್ರದ ಫೋಟೋ ತರಿಸಿ ಮೊಬೈಲಿನಲ್ಲಿ ತೋರಿಸಿದ, ಒಂದು ದಿನ ಕೊಡಿ ಎಂದು ಎರಡು ತಾಸು ಬೇಡಿಕೊಂಡ. ಅವರು ಮೂಲ ಪತ್ರವೇ ಬೇಕೆಂದರು, ಸಾಲಿನಲ್ಲಿ ಇನ್ನೂ ಒಂಬತ್ತು ಹುಡುಗಿಯರಿದ್ದಾರೆ ಎಂದರು. ಸಂಜೆ ಅವನು ಸಪ್ನಾಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದಾಗ ನಾನು ಬಾಲ್ಕನಿಯಲ್ಲಿದ್ದೆ. ಆ ಹುಡುಗಿ ಇಳಿದು ಹೆಲ್ಮೆಟ್ ಅವನ ಕೈಗೆ ಕೊಟ್ಟು, ಯಾರನ್ನೂ ನೋಡದೆ ಗೇಟಿನ ಹೊರಗೆ ನಡೆದುಹೋದಳು.

ಬುಧವಾರ ಬೆಳಿಗ್ಗೆ ಭೀಮವ್ವ ಎಂದಿನಂತೆ ಗುಡಿಸಲು ಬಂದಳು. ರಾತ್ರಿ ಬಸ್ಸಿನಿಂದ ಇಳಿದ ಸೀರೆಯಲ್ಲೇ ಇದ್ದಳು. ನಾಲ್ಕು ಮನೆಯ ಹೆಂಗಸರು ಮೆಟ್ಟಿಲ ಕೆಳಗೆ ಸೇರಿದ್ದರು, ಮನೋಜನಿದ್ದ, ಶಿವಗಂಗವ್ವನೂ ಇದ್ದಳು. ನಾನು ಇಳಿದು ಬಂದೆ. ಬರದೆ ಇರಲು ಆಗಲಿಲ್ಲ. ಒಬ್ಬ ಹೆಂಗಸು ಮನೋಜನ ಕಡೆ ತಿರುಗಿ, ನಿನ್ನ ಕ್ಯಾಲೆಂಡರ್ ನಂಬಿ ಹೀಗಾಯಿತಲ್ಲಪ್ಪ ಎಂದಳು. ನೋಡಿ, ಹನ್ನೊಂದು ತಿಂಗಳು ನಾನು ಕಾದದ್ದು ಈ ಮಾತಿಗೆ. ಅದು ಬಂತು.

ಭೀಮವ್ವ ತಲೆ ಅಲ್ಲಾಡಿಸಿದಳು.

“ಅವರದಲ್ರಿ. ನಾ ಅವರ್ನ ಕೇಳಿದ್ನಿ, ‘ನನಗ ನಿಮ್ಮೂರ ಕಡೀದು ತಿಳಿಯಂಗಿಲ್ಲ, ಕಾಕಾರ ಹಲಗಿ ನೋಡು’ ಅಂದ್ರು. ಹಲಗಿ ನೋಡೇ ಹೋಗೀನ್ರಿ. ಹದಿನೆಂಟಕ್ಕ ಹಳದಿ ಇದ್ದಿಲ್ಲ.”

ಎಲ್ಲರೂ ಹಲಗೆಯ ಕಡೆ ತಿರುಗಿದರು. ಹತ್ತೊಂಬತ್ತು ದಿನಗಳಲ್ಲಿ ಮೊದಲ ಸಲ ಅಷ್ಟು ಜನ ಒಟ್ಟಿಗೆ ನನ್ನ ಹಲಗೆ ನೋಡಿದರು.

“ಹೌದು ಅಂಕಲ್,” ಮನೋಜ ಮೆಲ್ಲಗೆ ಹೇಳಿದ. “ನಿಮ್ ಬೋರ್ಡ್ ಯಾವತ್ತೂ ತಪ್ಪಲ್ಲ ಅಂತ ನಾನೇ ಹೇಳ್ದೆ ಅವ್ರಿಗೆ.”

ಹಿಂದೆ ಶಿವಗಂಗವ್ವನ ಬಳೆ ಸದ್ದಾಯಿತು. ಅವಳಿಗೆ ಎಲ್ಲ ಗೊತ್ತಿತ್ತು. ಭಾನುವಾರ ಸಂಜೆಯ ನನ್ನ ನಗು ಅವಳ ಕಿವಿಯಲ್ಲೇ ಇದ್ದಿರಬೇಕು. ಅವಳು ಬಾಯಿ ತೆರೆದಿದ್ದರೆ ನನ್ನ ಮಾನ ಅಲ್ಲೇ ಹೋಗುತ್ತಿತ್ತು, ಹೋಗಿದ್ದರೂ ಒಳ್ಳೆಯದಿತ್ತು. ಅವಳು ತೆರೆಯಲಿಲ್ಲ.

“ಮರತೆ, ಭೀಮವ್ವ,” ಎಂದೆ.

ಭೀಮವ್ವ ನನ್ನನ್ನೇ ನೋಡಿದಳು. “ಇರ್ಲಿ ಬಿಡ್ರಿ ಕಾಕಾ. ನಿಮಗೂ ವಯಸ್ಸಾತು,” ಎಂದು ಹೇಳಿ ಕಸಬರಿಗೆ ಎತ್ತಿಕೊಂಡಳು. ಹೆಂಗಸರೂ ಅದನ್ನೇ ಹೇಳಿದರು, ಪಾಪ, ಮನುಷ್ಯ ಎಂದ ಮೇಲೆ ಮರೆವು ಇದ್ದದ್ದೇ ಎಂದರು. ಸಪ್ನಾ ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತಾಳೆ, ಅಲ್ಲಿಯ ತನಕ ಒಂದು ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸ ಹುಡುಕಿದ್ದೇನೆ ಎಂದು ಮನೋಜ ಹೇಳಿದ. ಅದನ್ನೂ ಅವನೇ ಹುಡುಕಿದ್ದ.

ಮನೆಗೆ ಬಂದ ಮೇಲೆ ಶಿವಗಂಗವ್ವ ಒಂದೇ ಮಾತು ಆಡಿದಳು. “ಇಪ್ಪತ್ತಾರು ವರ್ಷದಾಗ ನೀವು ಒಂದ್ ದಿನಾನೂ ಮರತವ್ರ ಅಲ್ಲ.” ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ಸಂಜೆ ದೀಪ ಹಚ್ಚಿದಳು, ಹೊರಗೆ ಬಂದಳು, ಕೂತು ಅವರೆಕಾಯಿ ಬಿಡಿಸಿದಳು. ಕೇಳಲಿಲ್ಲ. ಮೊಬೈಲನ್ನೂ ನೋಡಲಿಲ್ಲ. ಇಂದಿಗೂ ಕೇಳಿಲ್ಲ.

ಡಿಸೆಂಬರ್ ಒಂದನೇ ತಾರೀಖು ಬೆಳಗಾಗುವುದನ್ನೇ ಕಾದು ಹಲಗೆಯ ಮುಂದೆ ನಿಂತೆ. ನವೆಂಬರನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದೆ. ಹೊಸ ಹಳದಿ ಸೀಮೆಸುಣ್ಣ ತಂದಿದ್ದೆ. ಆದರೆ ಡಿಸೆಂಬರಿನಲ್ಲಿ ಕರ್ನಾಟಕಕ್ಕೆಂದು ಬೇರೆ ಸೂಟಿಯೇ ಇಲ್ಲ. ಇಪ್ಪತ್ತೈದರ ಕ್ರಿಸ್‌ಮಸ್ ಒಂದೇ, ಅದು ಎರಡೂ ಕಡೆ. ಬಿಳಿಯಲ್ಲಿ ಬರೆದು ಕೆಳಗೆ ದಪ್ಪಗೆ ಹಳದಿ ಗೆರೆ ಎಳೆದೆ. ಇನ್ನೇನಾದರೂ ಬಿಟ್ಟಿತೇ ಎಂದು ಚನ್ನವೀರನಿಂದ ತರಿಸಿದ ಪಟ್ಟಿಯನ್ನು ಮತ್ತೆ ಮತ್ತೆ ನೋಡಿದೆ. ಇರಲಿಲ್ಲ.

ಭೀಮವ್ವ ಗುಡಿಸುತ್ತ ಬಂದು ಹಿಂದೆ ನಿಂತಳು.

“ಬ್ಯಾರೆ ಹಳದಿ ಇಲ್ಲೇನ್ರಿ, ಕಾಕಾ?”

“ಇಲ್ಲವ್ವ. ಈ ತಿಂಗಳ ಇಲ್ಲ. ಖರೇನ ಇಲ್ಲ.”

ಅವಳು ಹೌದ್ರಿ ಎಂದಳು. ಸ್ವಲ್ಪ ಹೊತ್ತು ಹಲಗೆ ನೋಡಿದಳು. ಆಮೇಲೆ ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಹೋದಳು. ಅಲ್ಲಿ ಮನೋಜ ಬೈಕ್ ತೊಳೆಯುತ್ತಿದ್ದ. ಅವಳು ಏನೋ ಕೇಳಿದಳು. ಅವನು ಒದ್ದೆ ಕೈ ಅಂಗಿಗೆ ಒರೆಸಿ, ಮೊಬೈಲು ತೆಗೆದು ಬಹಳ ಹೊತ್ತು ಹುಡುಕಿ, ಇಲ್ಲವೆಂದು ತಲೆ ಆಡಿಸಿದ. ಆಗ ಅವಳು ತಿರುಗಿ ಬಂದು, ನನಗೆ ಬೇಸರವಾಗಬಾರದೆಂದು ಬೇರೆ ಕಡೆ ನೋಡುತ್ತ, ಹಲಗೆಯ ಕೆಳಗೆ ಬಿದ್ದ ಸೀಮೆಸುಣ್ಣದ ಪುಡಿ ಗುಡಿಸಿದಳು.

ನಾನು ಸೀಮೆಸುಣ್ಣ ಹಿಡಿದು ಅಲ್ಲೇ ನಿಂತಿದ್ದೆ. ತಪ್ಪು ನನ್ನದೆಂದು ನನಗೆ ಗೊತ್ತಿತ್ತು, ಆ ಹುಡುಗಿಯ ಒಂದು ವರ್ಷ ನನ್ನ ಡಬ್ಬಿಯೊಳಗೆ ಮುಚ್ಚಿಹೋಯಿತೆಂದೂ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದ್ದೂ, ನಾಚಿಕೆ ಬಿಟ್ಟು ಹೇಳುತ್ತೇನೆ, ಅವಳು ಅವನನ್ನು ಕೇಳಿದ್ದಕ್ಕೆ ಆಗಲೂ ನನಗೆ ಹೊಟ್ಟೆ ಉರಿಯಿತು.